ಹೊಸ್ತಿಲ ಮೇಲಿನ ಕಿವಿ ಮಶೀನು

ನಾನು ಮಣ್ಣೂರಿನ ಹೊಳೆದಂಡೆಯವಳು. ಈ ದಡದಲ್ಲಿ ನಿಂತು ಆಚೆ ದಡದವರನ್ನು ಕೂಗಿ ಕರೆದ ಗಂಟಲು ನನ್ನದು. ಮದುವೆಯಾಗಿ ಆಳಂದ ಕಡೆಯ ಮಟಕಿಗೆ ಹೊರಟಾಗ ಅವ್ವ ಹೇಳಿದ್ದು ಒಂದೇ ಮಾತು: "ಮಾವನ ಮುಂದ ದನಿ ಎತ್ತಬ್ಯಾಡ." ಎತ್ತಲಿಲ್ಲ. ಆದರೆ ಮಾವನವರಿಗೆ ಕಿವಿ ಮಂದ. ಮೆಲ್ಲಗೆ ಮಾತಾಡಿದರೆ ಅವರಿಗೆ ಕೇಳದು, ಗಟ್ಟಿಯಾಗಿ ಮಾತಾಡಿದರೆ ನಾನು ಗಯ್ಯಾಳಿ. ಹೀಗಾಗಿ ಮೂರು ವರ್ಷ ನಮ್ಮಿಬ್ಬರ ನಡುವೆ ರೊಟ್ಟಿ ಓಡಾಡಿತೇ ಹೊರತು ಮಾತು ಓಡಾಡಲಿಲ್ಲ.

ಎಂಬತ್ತರ ದಶಕದಲ್ಲಿ ನನ್ನ ಗಂಡ ಗುಲಬರ್ಗಾದಿಂದ ಕಿವಿ ಮಶೀನು ತಂದರು. ದನಿ ಹಿಡಿಯಲು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಯವರೆಗೆ ಒಂದು ವೈರು. ಮಾವನವರು ಡಬ್ಬಿಯನ್ನು ಜೇಬಿನಿಂದ ತೆಗೆದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, ತಾವು ಆಚೆ ಕೂರುತ್ತಿದ್ದರು.

"ರೊಟ್ಟಿ ಬಡಿಯೋದು ಜರಾ ನಿಲ್ಲಸು ಯವ್ವಾ, ತಲಿಯಾಗ ಸಿಡಿಲು ಹೊಡದಂಗ ಆಗತದ. ಈಗ ಹೇಳು, ನಿಮ್ಮೂರ ಹೊಳ್ಯಾಗ ನೀರು ಎಷ್ಟದ?"

ಅಪ್ಪನ ಮುಖ ನೆನಪಿಲ್ಲದವಳು ನಾನು. ಒಬ್ಬ ಹಿರಿಯರು ನನ್ನ ಮಾತಿಗಾಗಿ ದಿನವೂ ಕಾದು ಕೂತಿದ್ದು ಅದೇ ಮೊದಲು.

ಒಂದು ಮುಂಜಾನೆ ಚಹಾ ಕೊಡುವಾಗ ತಲೆಯ ಮೇಲಿನ ಸೆರಗು ಜಾರಿತು. ಅದನ್ನು ಎಳೆದುಕೊಳ್ಳಲು ಒಂದು ಕೈ ಎತ್ತಿದೆ, ಇನ್ನೊಂದು ಕೈಯ ಕಪ್ಪು ವಾಲಿ ಚಹಾ ಡಬ್ಬಿಯ ಮೇಲೆ ಬಿತ್ತು. ಮಶೀನು ಕುಂಯ್ ಎಂದು ಸುಮ್ಮನಾಯಿತು. ಮಾವನವರು ಧೋತರದ ಚುಂಗಿನಿಂದ ಒರೆಸಿ, ಹೊಸ್ತಿಲ ಮೇಲೆಯೇ ಬಿಟ್ಟು ಹೊಲಕ್ಕೆ ಹೋದರು.

ಆಮೇಲೆ ನಾನು ಜಾಣತನ ತೋರಿಸಿದೆ. ಬೆಂಕಿಪೆಟ್ಟಿಗೆ ತಂಪು ಹಿಡಿದರೆ ಒಲೆಯ ಪಕ್ಕ ಇಡುತ್ತೇವಲ್ಲ, ಹಾಗೆಯೇ ಇದನ್ನೂ ಇಟ್ಟೆ. ನಾಲ್ಕು ರೊಟ್ಟಿ ಬೇಯಿಸಿ ತಿರುಗಿ ನೋಡಿದರೆ ಡಬ್ಬಿ ಬೆಲ್ಲದಂತೆ ಕರಗಿ ಸೊಟ್ಟಗಾಗಿತ್ತು.

ಗಂಡ ಅದನ್ನು ಆಳಂದದ ರೇಡಿಯೋ ರಿಪೇರಿಯವನಿಗೆ ತೋರಿಸಿಕೊಂಡು ಬಂದರು. ಚಹಾ ಬಿದ್ದದ್ದು ದೊಡ್ಡದಲ್ಲವಂತೆ, ಬ್ಯಾಟರಿ ಶೆಲ್ಲು ತೆಗೆದು ನೆರಳಲ್ಲಿ ಒಣಗಿಸಿದ್ದರೆ ನಡೆಯುತ್ತಿತ್ತಂತೆ. ಮಾವನವರ ಕಿವಿಗೆ ಬಾಯಿಟ್ಟು ಅತ್ತೆ ಕೂಗಿದರು: "ಬೆಂಕಿ ಹತ್ರ ಇಟ್ಟವರು ಯಾರು?"

"ನಾನೇ," ಎಂದರು ಮಾವನವರು.

ಬಾಗಿಲ ಹಿಂದೆ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಆ ಹೇಡಿತನಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಇನ್ನೊಂದು ತರುತ್ತೇನೆಂದು ಗಂಡ ಹೇಳಿದಾಗ "ಈ ಮುದುಕಗ ಯಾಕ ಬಿಡು" ಎಂದವರೂ ಮಾವನವರೇ.

ಕೆಲವು ದಿನ ಅವರು ಹೊಸ್ತಿಲಾಚೆ ಬಂದು ಕೂತರು. "ಇಟ್ಟಾಕಿ ನಾನ್ರೀ" ಎಂದು ಮೆಲ್ಲಗೆ ಹೇಳುತ್ತಿದ್ದೆ. "ಏನಂದಿ ಯವ್ವಾ?" ಎನ್ನುತ್ತಿದ್ದರು. ಅತ್ತೆ ಪಡಸಾಲೆಯಲ್ಲೇ ಇರುತ್ತಿದ್ದರು. ಏನಿಲ್ಲವೆಂದು ಕೈಯಾಡಿಸುತ್ತಿದ್ದೆ. ಬರುಬರುತ್ತ ಅವರು ಹೊರಗಿನ ಕಟ್ಟೆಗೇ ಹೋಗಿ ಕೂರತೊಡಗಿದರು.

ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡರು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರೆಲ್ಲ ಹಾಡಿಕೊಂಡು ಅಳುತ್ತಿದ್ದರು. ಸಾವಿನ ಮನೆಯಲ್ಲಿ ಸೊಸೆಗೂ ದನಿ ತಗ್ಗಿಸು ಎನ್ನುವವರಿಲ್ಲ.

"ಬೆಂಕಿ ಹತ್ರ ಇಟ್ಟಾಕಿ ನಾನ್ರೀ ಮಾವಾ, ನಾನು!"

ಓಣಿಗೆಲ್ಲ ಕೇಳಿತು. ಯಾರೂ ಬೈಯಲಿಲ್ಲ, ಅತ್ತೆ ಕೂಡ. ಅವರಿದ್ದಾಗ ಒಂದೇ ಒಂದು ಸಲ ಹೀಗೆ ಕೂಗಿದ್ದರೆ ಸಾಕಿತ್ತು.