ಅಕ್ಕಿಯಲ್ಲಿ ಬರೆದ ಹೆಸರು

ಕೆಳಗಿನ ಬಾಡಿಗೆ ಮನೆಯಿಂದ ಲೋಬಾನದ ಹೊಗೆ ಮೇಲೆ ಬಂತು. ಯಾರು ಹಾಕಿದರು, ಯಾಕೆ ಹಾಕಿದರು ಎಂದು ಕಿಟಕಿಯಲ್ಲಿ ಇಣುಕಿದೆ. ಅನುಮಾನ ನನಗಂಟಿದ ರೋಗ. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚಾಗಿದೆ ಎಂದುಕೊಳ್ಳುವವಳು ನಾನು. ಈ ರೋಗ ಎಲ್ಲಿ ಹತ್ತಿತೆಂದು ಹೇಳುತ್ತೇನೆ, ಕೇಳಿ.

ನನ್ನ ತವರು ವನದುರ್ಗ. ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಮೊಹರಂನಲ್ಲಿ ಕೂರಿಸುವ ಪಂಜಾ ದೇವರಿಗೆ ಹರಕೆ ಹೊರುತ್ತಿದ್ದರು. ಉಳಿದ ಕೂಸಿಗೆ ಆ ದೇವರದೇ ಹೆಸರು. ಹಾಗೆ ಕುರುಬರವನೊಬ್ಬ ಹುಸೇನಪ್ಪ, ಬಡಿಗರವನೊಬ್ಬ ಹುಸೇನಪ್ಪ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಹುಸೇನವ್ವ. ಕುರುಬರ ಹುಸೇನಪ್ಪ ನನಗಿಂತ ಬಹಳ ದೊಡ್ಡವನು. ಎದುರಾದಾಗಲೆಲ್ಲ, “ಏನವಾ, ನಮ್ಮಿಬ್ಬರ ಹೆಸರ ಜ್ವಾಕಿಲೆ ಇಟ್ಟೀಯಿಲ್ಲ?” ಎಂದು ಕೇಳುವನು.

“ಇಟ್ಟೀನಿ ಕಾಕಾ,” ಎನ್ನುತ್ತಿದ್ದೆ.

ಶಹಾಪುರದ ಅಂಗಡಿಕಾರರ ಮನೆಗೆ ನಾನು ಸೊಸೆಯಾಗಿ ಬಂದದ್ದು ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ಭಯ ಹೋಗಿತ್ತು, ಮುಸಲ್ಮಾನರ ಹೆಸರು ಕೇಳಿದರೆ ಏಳುವ ಅನುಮಾನ ಮಾತ್ರ ಮನೆಮನೆಯಲ್ಲಿ ಕೂತಿತ್ತು. ಅತ್ತೆ ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಗಂಡನ ಬೆರಳಿಂದ ‘ಶಾಂತಾ’ ಎಂದು ಬರೆಸಿದರು.

“ಹಳೇ ಹೆಸರ ತವರಮನ್ಯಾಗೇ ಬಿಟ್ಟು ಬಂದೀನಿ ಅಂತ ತಿಳಕೋ. ಓಣ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ,” ಎಂದರು.

ಸುಳ್ಳೇಕೆ, ಹೊಸ ಹೆಸರು ನನಗೂ ಹೊಸ ಸೀರೆಯಷ್ಟೇ ಇಷ್ಟವಾಯಿತು.

ಆ ಬೇಸಿಗೆ ನಮ್ಮ ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ಹಿಂಡನ್ನು ರಾತ್ರಿ ಅಲ್ಲೇ ತರುಬಿ ನಿಲ್ಲಿಸಲು ಬಂದವನು ಅದೇ ಹುಸೇನಪ್ಪ. ಕರೆಸಿದ ಮಾವ ಸರಕು ತರಲು ಯಾದಗಿರಿಗೆ ಹೋಗಿದ್ದರು. ಹೆಸರು ಕೇಳಿದ್ದೇ ತಡ, ಓಣಿಯವರ ಕಿವಿ ನಿಮಿರಿದವು. ಕಂಬಳಿಯೊಳಗೆ ಏನು ಬಚ್ಚಿಟ್ಟಿದ್ದಾನೋ, ಕುರುಬನ ವೇಷ ಹಾಕಿದ ನಿಜಾಮರ ಕಡೆಯ ರಜಾಕಾರನೇ ಇರಬೇಕು ಎಂದರು. ಹೊರಗಿನಿಂದ ಬಂದಿದ್ದ ಇಬ್ಬರು ಪೊಲೀಸರು ಅವನನ್ನು ನಮ್ಮ ಕಟ್ಟೆಗೆ ಎಳೆದುತಂದರು.

“ಈ ಮನಿ ಸೊಸಿ ನಮ್ಮೂರಾಕಿರಿ. ಆಕಿನ್ನ ಕೇಳ್ರಿ,” ಎಂದ.

ನಾನು ಬಾಗಿಲ ಸಂದಿಯಲ್ಲಿದ್ದೆ. ಬೆನ್ನ ಹಿಂದೆ ಅತ್ತೆಯ ಉಸಿರು ಕೇಳುತ್ತಿತ್ತು. ಗುರುತು ಹೇಳಿದರೆ ಹರಕೆಯ ಕತೆ ಹೇಳಬೇಕು, ಕತೆ ಹೇಳಿದರೆ ನನ್ನ ಹೆಸರೂ ಬೀದಿಗೆ ಬೀಳುತ್ತದೆ.

“ನನಗ ಗೊತ್ತಿಲ್ರಿ,” ಎಂದೆ.

ಹುಸೇನಪ್ಪ ನನ್ನನ್ನೇ ನೋಡಿದ. ಆಮೇಲೆ ಪೊಲೀಸರ ಕಡೆ ತಿರುಗಿ, “ನಾನೇ ತಪ್ಪಿದೆ. ನಮ್ಮೂರಾಕಿ ಬ್ಯಾರೆ. ಈ ಅವ್ವ ಅಲ್ರಿ,” ಎಂದ.

ಅವನನ್ನು ನಾಲ್ಕು ದಿನ ಕೂಡಿಹಾಕಿದರು. ತಿರುಗಿ ಬಂದ ಮಾವನೂ ಸೊಸೆಯ ಮಾತಿಗೆ ಎದುರು ಹೇಳಲಿಲ್ಲ. ವನದುರ್ಗದ ಗೌಡರು ಬಂದು ಗುರುತು ಹೇಳಿ ಬಿಡಿಸುವಷ್ಟರಲ್ಲಿ, ಕಾಯುವವರಿಲ್ಲದೆ ಅರ್ಧ ಹಿಂಡು ಚದುರಿಹೋಗಿತ್ತು.

ಮುಂದೆ ತವರಿಗೆ ಹೋದಾಗ ದಾರಿಯಲ್ಲಿ ಸಿಕ್ಕ. ಬದಿಗೆ ಸರಿದು ನಿಂತು, “ಆರಾಮ ಅದೀರಿ, ಶಾಂತಮ್ಮಾರ?” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈ ಹೊಗೆ ಅದನ್ನೆಲ್ಲ ಎಬ್ಬಿಸಿತು ನೋಡಿ. ಮೆಟ್ಟಿಲಿಳಿದು ಹೋದೆ. ಒಂದು ತಿಂಗಳಿಂದ ನಾನು ಮಾತನಾಡಿಸದಿದ್ದ ಬಾಡಿಗೆಯ ಹುಡುಗಿ, ಮೀಯಿಸಿದ ಕೂಸಿಗೆ ಲೋಬಾನ ಹಿಡಿಯುತ್ತಿದ್ದಳು.

“ಕುಂದರ್ರಿ ಅಮ್ಮಾ. ನಿಮ್ಮ ಹೆಸರೇನ್ರಿ?” ಎಂದಳು.

“ಹುಸೇನವ್ವ.”

ಆಕೆ ನನ್ನ ಹಣೆಯ ವಿಭೂತಿ ನೋಡಿದಳು, ಮುಖ ನೋಡಿದಳು. ಕೂಸನ್ನು ತುಸು ತನ್ನ ಕಡೆ ಎಳೆದುಕೊಂಡು, “ಖರೇನ?” ಎಂದಳು.

ಅನುಮಾನಪಡಲಿ, ತಪ್ಪೇನಿಲ್ಲ. ನಾನು ನೆಲದ ಮೇಲೆ ಕೂತು, ಕುರುಬರ ಹುಸೇನಪ್ಪ ನನಗೆ ಏನಾಗಬೇಕು ಎಂದು ಮೊದಲಿಂದ ಹೇಳತೊಡಗಿದೆ.