ಮದುವೆಗೆ ಮುಂಚೆ ಕಿತ್ತ ಹಲ್ಲು

ನಮ್ಮ ಡ್ರೆಂಥೆ ಪ್ರಾಂತ್ಯದ ಕಡೆ ಆಗ ಹುಡುಗಿಗೆ ಮದುವೆ ಗೊತ್ತಾದರೆ ಅಪ್ಪಂದಿರು ಹಲ್ಲೆಲ್ಲ ಕೀಳಿಸಿ ಕಟ್ಟುಹಲ್ಲಿನ ಸೆಟ್ಟು ಹಾಕಿಸುತ್ತಿದ್ದರು. ಹಲ್ಲು ಗಟ್ಟಿಯಿದ್ದರೂ ಅಷ್ಟೇ. ಮುಂದೆ ಗಂಡನಿಗೆ ಹಲ್ಲಿನ ಡಾಕ್ಟರ ಖರ್ಚು ಬರಬಾರದು ನೋಡಿ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಮ್ಮಕ್ಕ ರೂಲ್ಫಿನ್‌ಗೆ ಒಂದೇ ಮಧ್ಯಾಹ್ನ ಎಲ್ಲ ಕಿತ್ತರು. ಅವಳು ಖುಷಿಯಾಗಿಯೇ ಹೋದಳು. ಮೇಲಿನ ಸಾಲಿನ ನಟ್ಟನಡುವೆ ಎರಡು ಹಲ್ಲಿರಬೇಕಾದಲ್ಲಿ ಅವಳಿಗಿದ್ದದ್ದು ಒಂದೇ. ಶಾಲೆಯಲ್ಲಿ ಒಂಟಿಹಲ್ಲಿ ಅಂತ ಕಾಡಿದ್ದರು. ಗಂಡನಾಗುವವನ ಎದುರಿಗೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು, ಪಾಪ. ಅವನಿಗೆ ಕೊನೆತನಕ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಅವಳ ಮಗಳು ಅನ್ನೆಕೆಯ ಮೊದಲ ಕೂಸು ಎರಡೇ ಗಂಟೆ ಬದುಕಿತು. ಮಿದುಳು ಎರಡು ಹೋಳಾಗಿ ಬೆಳೆದಿರಲಿಲ್ಲ, ಮೂಗೂ ಸರಿಯಾಗಿ ಮೂಡಿರಲಿಲ್ಲ. ಮೂರು ವರ್ಷದ ಮೇಲೆ ಈಗ ಮತ್ತೆ ಬಸುರಿ. ಮನೆತನದಲ್ಲಿ ಯಾರಿಗಾದರೂ ಮುಂಬದಿ ನಡುವೆ ಒಂದೇ ಹಲ್ಲಿತ್ತಾ ಕೇಳಿಕೊಂಡು ಬಾ ಎಂದು ಡಾಕ್ಟರು ಅವಳನ್ನು ಅಕ್ಕನ ಮನೆಗೆ ಕಳಿಸಿದ್ದರು, ನಾನೂ ಅಲ್ಲೇ ಇದ್ದೆ. ಹೊಟ್ಟೆಯಲ್ಲಿರುವಾಗ ಮಿದುಳಿಗೂ ಮುಖಕ್ಕೂ ಆಕಾರ ಕೊಡುವ ಜೀನ್ ಒಂದಿದೆಯಂತೆ. ಅದು ಕೆಟ್ಟರೆ ಒಬ್ಬರಿಗೆ ಬರೀ ಹಲ್ಲಿನಲ್ಲಿ ಹೋಗುತ್ತದೆ, ಇನ್ನೊಬ್ಬರಲ್ಲಿ ಏನೂ ಕಾಣುವುದಿಲ್ಲ, ಮತ್ತೊಬ್ಬರು ಉಳಿಯುವುದೇ ಇಲ್ಲ. ಹುಡುಗಿ ಹೇಳುತ್ತಾ ಹೇಳುತ್ತಾ ಕರವಸ್ತ್ರ ಹಿಂಡುತ್ತಿದ್ದಳು.

"ನಮ್ಮಲ್ಲಿ ಅಂಥದ್ದೇನೂ ಇಲ್ಲ" ಅಂದುಬಿಟ್ಟಳು ಅಕ್ಕ.

ಆಮೇಲೆ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿದಳು. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸಿದಳು. ಬಗ್ಗಿಸಿದ ಕಾಫಿ ಕುಡಿಯದೆ ಚೆಲ್ಲಿದಳು. ನನಗೂ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡೆ.

"ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಈ ವಯಸ್ಸಲ್ಲಿ ನನ್ನ ಮರ್ಯಾದೆ ತೆಗೀಬೇಡ ಕಣೇ. ಕೂಸು ಸತ್ತದ್ದು ನನ್ನಿಂದ ಅಂತಾಳೆ ಅವಳು."

"ಅಂದ್ರೆ ಅನ್ನಲಿ. ಏನು ಹುಡುಕಬೇಕು ಅಂತ ಆ ಡಾಕ್ಟರಿಗೆ ಗೊತ್ತಾಗೋದು ಬೇಡ್ವಾ? ನಿನ್ನ ಅಂದಚಂದ ಸಾಕು ಮಾಡು."

ಅಕ್ಕ ಹೋಗಿ ಮಗಳ ಎದುರು ಕೂತಳು.

"ನಂಗಿತ್ತು ಕಣೇ ಅನ್ನೆಕೆ. ಒಂದೇ ಹಲ್ಲು. ಮದುವೆಗೆ ಮುಂಚೆ ಕಿತ್ತು ಹಾಕಿದ್ರು."

ಅನ್ನೆಕೆ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಲ್ಲಗೆ ಕೇಳಿದಳು: "ಬಸುರೀಲಿ ಹುಟ್ಟುಹಬ್ಬದ ದಿನ ನಾನು ವೈನ್ ಕುಡಿದದ್ದಕ್ಕೇ ಕೂಸಿಗೆ ಹೀಗಾಯ್ತು ಅಂತ ನೀನೇ ಅಂದಿದ್ದೆಯಲ್ಲಮ್ಮ. ಅದರಿಂದ ಅಲ್ವಾ?"

"ಅಲ್ಲ."

"ಇನ್ನೊಂದ್ಸಲ ಹೇಳು."

ಅಕ್ಕ ಇನ್ನೊಂದು ಸಲ ಹೇಳಿದಳು.