‘ನಾಯಿಗಳನ್ನು ಕಾರಿನಲ್ಲೇ ಬಿಟ್ಟು ಬನ್ನಿ’

2024ರ ಡಿಸೆಂಬರ್. ತರೀಕೆರೆಯಲ್ಲಿ ನಾನು ಪಶುವೈದ್ಯೆಯಾಗಿ ಸ್ವಂತ ಕ್ಲಿನಿಕ್ ತೆರೆದು ಹದಿನಾಲ್ಕು ತಿಂಗಳಾಗಿತ್ತು. ಬಂದ ಪ್ರತಿ ಪ್ರಾಣಿಯ ತೂಕ, ಮೈಬಿಸಿ, ಬಂದ ಹೊತ್ತು, ಹೋದ ಹೊತ್ತು ಎಲ್ಲವನ್ನೂ ಡೈರಿಯಲ್ಲಿ ಬರೆಯುವುದು ನನ್ನ ಅಭ್ಯಾಸ. ಇದನ್ನೂ ಆ ಡೈರಿ ನೋಡಿಯೇ ಬರೆಯುತ್ತಿದ್ದೇನೆ.

ಹೆದ್ದಾರಿ ಬದಿಯಲ್ಲಿ ಮಲ್ಲೇಶಣ್ಣನ ಊಟದ ಹೋಟೆಲ್ ಇದೆ. ಹೆಬ್ಬೆ ಜಲಪಾತ ನೋಡಲು ಹೊರಟವರು ಸಾಕುನಾಯಿಗಳ ಜೊತೆ ಅಲ್ಲಿ ಇಳಿಯುತ್ತಿದ್ದರು. ಒಂದು ಭಾನುವಾರ ಯಾರದೋ ಲ್ಯಾಬ್ರಡಾರ್ ಪಕ್ಕದವರ ಎಲೆಗೆ ಬಾಯಿ ಹಾಕಿ ದೊಡ್ಡ ಜಗಳವಾಯಿತು. ಮರುದಿನ ಮಲ್ಲೇಶಣ್ಣ ಕ್ಲಿನಿಕ್ಕಿಗೇ ಬಂದರು.

“ಒಳಗೆ ಬಿಟ್ರೆ ಊರೋರು ಎದ್ದೋಯ್ತಾರೆ, ಬ್ಯಾಡ ಅಂದ್ರೆ ಬೆಂಗ್ಳೂರೋರು ಎದ್ದೋಯ್ತಾರೆ. ನಾಯಿ ಡಾಕ್ಟ್ರು ನೀವು, ನೀವೇ ಒಂದು ತೀರ್ಮಾನ ಹೇಳ್ಬಿಡಿ ಡಾಕ್ಟ್ರಮ್ಮ.”

ನಾನು ಮೂರು ಭಾನುವಾರ ಅಲ್ಲೇ ಕೂತು ಎಣಿಸಿದೆ. ಒಟ್ಟು ಹನ್ನೊಂದು ನಾಯಿ. ಎರಡು ಬೊಗಳಿದವು, ಒಂದು ಕಂಬಕ್ಕೆ ಕಾಲೆತ್ತಿತು, ಇನ್ನೊಂದು ಮಗುವಿನ ಕೈಯ ಹಪ್ಪಳ ಕಿತ್ತುಕೊಂಡಿತು. ಉಳಿದ ಏಳು ಮೇಜಿನ ಕೆಳಗೆ ಸುಮ್ಮನೆ ಮಲಗಿದ್ದವು. ಜಗಳಕ್ಕೆ ಆ ನಾಲ್ಕೇ ಸಾಕು, ನಾಯಿ ಒಳಗೆ ಬೇಡ ಎಂದೆ.

“ಸರಿ, ನಾಯಿಗಳಿಗೆ ಪ್ರವೇಶವಿಲ್ಲ ಅಂತ ಬರ್ಸಿಬಿಡ್ತೀನಿ.”

ಅದು ಒರಟಾಯಿತು ಎನ್ನಿಸಿತು. ನಾನೇ ಕಾಗದ ತೆಗೆದುಕೊಂಡು ಬರೆದುಕೊಟ್ಟೆ: ‘ದಯವಿಟ್ಟು ನಿಮ್ಮ ನಾಯಿಗಳನ್ನು ಕಾರಿನಲ್ಲೇ ಬಿಟ್ಟು ಬನ್ನಿ.’ ಆಗ ಚಳಿಗಾಲ. ಮಲ್ಲೇಶಣ್ಣ ಓದಿ ತಲೆದೂಗಿದರು: “ಓದ್ಕಂಡಿರೋರು ಬರೆದ್ರೆ ಬೋರ್ಡಿಗೂ ಮರ್ಯಾದೆ ಬತ್ತದೆ.”

2025ರ ಏಪ್ರಿಲ್, ಒಂದು ಭಾನುವಾರ. ಬೆಳಿಗ್ಗೆ 11.40ಕ್ಕೆ ಅಜ್ಜಂಪುರದಿಂದ ಗಂಗಮ್ಮ ಬಂದರು. ಅಲ್ಲಿ ಅವರದು ಹೊಲಿಗೆ ಅಂಗಡಿ. ಜೊತೆಗೆ ಅವರ ತಮ್ಮ ಲೋಕೇಶ, ಮಡಿಲಲ್ಲಿ ನಾಲ್ಕು ವರ್ಷದ ಕಪ್ಪು ಪಗ್ ನಾಯಿ. ಹೆಸರು ಮುದ್ದೆ. ರೇಬೀಸ್ ಲಸಿಕೆ ಹಾಕಿದೆ. ತೂಕ 8.2 ಕೆ.ಜಿ., ಮೈಬಿಸಿ 101.4 ಫ್ಯಾರನ್‌ಹೀಟ್. ಆರೋಗ್ಯ ಉತ್ತಮ ಎಂದು ಬರೆದುಕೊಂಡೆ.

“ಪ್ಯಾಟೆ ಕೆಲ್ಸ ಮುಗಿಸ್ಕಂಡು, ಮಲ್ಲೇಶಣ್ಣನ ಹೋಟ್ಲಲ್ಲಿ ಮುದ್ದೆ ಉಂಡ್ಕಂಡು ಹೋಗ್ತೀವಿ ಡಾಕ್ಟ್ರಮ್ಮ. ಮೆಲ್ಲಗೆ ಹೇಳ್ಬೇಕು, ಇವನು ಕೇಳಿಸ್ಕಂಡ್ರೆ ನನ್ನೇ ತಿಂತಾರೆ ಅಂದ್ಕಂತಾನೆ,” ಎಂದು ಗಂಗಮ್ಮ ನಕ್ಕರು. ನಾನೂ ನಕ್ಕೆ.

2.05ಕ್ಕೆ ಅದೇ ಕಾರು ಮತ್ತೆ ಬಾಗಿಲಿಗೆ ಬಂತು. ಗಂಗಮ್ಮ ಸೀರೆ ಸೆರಗಿನಲ್ಲಿ ಸುತ್ತಿ ತಂದಿದ್ದ ಮುದ್ದೆ ಸೆಟೆದುಕೊಂಡಿತ್ತು. ನಾಲಿಗೆ ನೀಲಿಯಾಗಿತ್ತು. ಥರ್ಮಾಮೀಟರ್ 109.2 ತೋರಿಸಿತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ತಣ್ಣಗಾಗಬೇಕು. ಪಗ್‌ನಂಥ ಗಿಡ್ಡ ಮೂಗಿನ ತಳಿಗೆ ಅದೂ ಕಷ್ಟ. ನೀರು ಸುರಿದೆವು, ಫ್ಯಾನ್ ಹಚ್ಚಿದೆವು, ಡ್ರಿಪ್ ಏರಿಸಿದೆ. 2.25ಕ್ಕೆ 106. 2.45ಕ್ಕೆ 103.6. ಅಂಕಿ ಇಳಿಯಿತು, ಮುದ್ದೆ ಏಳಲಿಲ್ಲ. 3.10ಕ್ಕೆ ಎದೆಬಡಿತ ನಿಂತಿತು.

ಲೋಕೇಶ ತಡೆಯಲಾರದೆ ಕೇಳಿದ: “ಬೆಳಿಗ್ಗೆ ಸೂಜಿ ಹಾಕಿದ್ದು ಏನಾರ ಹೆಚ್ಚುಕಮ್ಮಿ ಆಯ್ತೇನೋ...”

“ಸುಮ್ನಿರೋ ಲೇ,” ಎಂದರು ಗಂಗಮ್ಮ. “ಡಾಕ್ಟ್ರಮ್ಮಂದೇನೈತೆ ತಪ್ಪು? ಮೂಲೇಲಿ ಕೂರಿಸ್ಕಂತೀನಿ ಅಂದೆ. ಮಲ್ಲೇಶಣ್ಣ, ನಿಮ್ಮ ಡಾಕ್ಟ್ರಮ್ಮನೇ ಬರೆಸಿರೋ ಬೋರ್ಡು ಕಣಮ್ಮ ಅಂದ್ರು. ಅವ್ರೇ ಬರೆಸವ್ರೆ ಅಂದ್ಮೇಲೆ ಏನೂ ಆಗಲ್ಲ ಅಂತ ಕಾರಿನ ಗಾಜು ಬೆರಳಷ್ಟು ಇಳಿಸಿ ಬಿಟ್ಟೋದೆ. ನಾನೇ ಬೇಗ ಉಣ್ಣಲಿಲ್ಲ.”

ಅವರು ಒಳಗೆ ಕೂತಿದ್ದು ನಲವತ್ತೈದು ನಿಮಿಷ. ಭಾನುವಾರದ ನೂಕುನುಗ್ಗಲಿನಲ್ಲಿ ಊಟ ತಡವಾಗಿತ್ತು. ಲಸಿಕೆಯಿಂದ ಆದದ್ದಲ್ಲ, ಬಿಸಿಲಿನಿಂದ ಆದದ್ದು ಎಂದಷ್ಟೇ ನಾನು ಹೇಳಿದೆ. ಬೋರ್ಡಿನ ಮಾತು ಬಾಯಿಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಹೋಟೆಲಿನ ಮುಂದೆ ಅದೇ ಜಾಗದಲ್ಲಿ ನನ್ನ ಕಾರು ನಿಲ್ಲಿಸಿ, ಗಾಜು ಬೆರಳಷ್ಟು ಇಳಿಸಿ, ಒಳಗೊಂದು ಉಷ್ಣಮಾಪಕ ಇಟ್ಟೆ. ಹೊರಗೆ 35 ಡಿಗ್ರಿ ಸೆಲ್ಸಿಯಸ್. ಒಳಗೆ ಇಪ್ಪತ್ತು ನಿಮಿಷಕ್ಕೆ 49, ನಲವತ್ತಕ್ಕೆ 54. ಅಲ್ಲಿಂದ ನೇರ ಅಜ್ಜಂಪುರಕ್ಕೆ ಹೋದೆ.

ಗಂಗಮ್ಮ ಹೊಲಿಯುತ್ತಿದ್ದರು. ಮಷೀನಿನ ಪೆಡಲ್ ಪಕ್ಕ ಮುದ್ದೆ ಮಲಗುತ್ತಿದ್ದ ಮಡಚಿದ ಗೋಣಿಚೀಲ ಹಾಗೇ ಇತ್ತು. ತಪ್ಪು ನಿಮ್ಮದಲ್ಲ, ನನ್ನದು ಎಂದೆ. ‘ಪ್ರವೇಶವಿಲ್ಲ’ ಎಂಬ ಒರಟು ಬೋರ್ಡೇ ಇದ್ದಿದ್ದರೆ ನೀವು ತಿರುಗಿ ಹೋಗುತ್ತಿದ್ದಿರಿ, ಕಾರಿನಲ್ಲೇ ಬಿಡಿ ಎಂದವಳು ನಾನು ಎಂದೆ. ಅವರು ಮಷೀನು ನಿಲ್ಲಿಸಿದರು.

“ಹಂಗಾದ್ರೆ ಇಲ್ಲಿಗ್ಯಾಕೆ ಬಂದ್ರಿ?” ಎಂದರು. “ಮೊದ್ಲು ಅದನ್ನ ಕೀಳ್ಸಿ. ಇನ್ಯಾರ್ದೋ ನಾಯಿ ಬಂದೀತು.”

ಸಂಜೆಯೊಳಗೆ ಬೋರ್ಡು ಇಳಿಯಿತು. ಹೋಟೆಲಿನ ಒಳಗೆ ನಾಯಿಗೆ ಈಗಲೂ ಜಾಗವಿಲ್ಲ. ಆ ತೀರ್ಮಾನ ತಪ್ಪೆಂದು ನನಗೆ ಅನ್ನಿಸಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ನಾಲ್ಕು ಮೇಜು, ಒಂದು ನೀರಿನ ತೊಟ್ಟಿ ಬಂದಿವೆ. ನಾಯಿ ಇದ್ದವರು ನಾಯಿಯ ಜೊತೆಗೇ ಅಲ್ಲಿ ಉಣ್ಣುತ್ತಾರೆ. ಮಾಡಿಸಲು ಎರಡು ದಿನ ಹಿಡಿಯಿತು, ಅಷ್ಟೇ.

ನಾಯಿ ಎಲ್ಲಿರಬಾರದು ಎಂದು ಮೂರು ಭಾನುವಾರ ಎಣಿಸಿದ ನಾನು, ಎಲ್ಲಿರಬೇಕು ಎಂದು ಒಂದು ಗಳಿಗೆ ಯೋಚಿಸಿರಲಿಲ್ಲ. ಬೇಡ ಎನ್ನುವವರು ಮೊದಲು ಅದನ್ನು ಯೋಚಿಸಬೇಕು ಎಂಬುದನ್ನು ಈ ಕೆಲಸ ನನಗೆ ಹೀಗೆ ಕಲಿಸಿತು. ಡೈರಿಯ ಆ ಪುಟದಲ್ಲಿ ಮುದ್ದೆಯ ಹೆಸರು ಎರಡು ಸಲ ಇದೆ. ಮೊದಲ ಸಾಲಿನ ಕೊನೆಗೆ, ‘ಮುಂದಿನ ಲಸಿಕೆ: ಏಪ್ರಿಲ್ 2026’. ಅದನ್ನು ಹೊಡೆದುಹಾಕಲು ನನಗಿನ್ನೂ ಕೈ ಬಂದಿಲ್ಲ.